ಹೆಂಡತಿಯ ಮಂಡಿಗೆ ಬಿದ್ದ ಸೂಜಿ, ಗಂಡನಿಗೆ ಬಿದ್ದ ಇಪ್ಪತ್ತೊಂದು ದಿನ

ದಿನಾಂಕ: ಡಿಸೆಂಬರ್ 9

ಇಂದ:
ಗುಕ್ ಸಾಂಗ್‌ಪಿಲ್, ವಯಸ್ಸು 77,
ಬೆಳ್ಳುಳ್ಳಿ ಬೇಸಾಯಗಾರರು ಹಾಗೂ ಮಾಜಿ ಊರ ಮುಖ್ಯಸ್ಥರು (ಎಂಟು ವರ್ಷ ಮುಖ್ಯಸ್ಥರು, ಮೂರು ಮತಗಳಿಂದ ಮಾಜಿ),
ಬಾಮ್‌ಗೊಲ್ ಹಳ್ಳಿ, ದಕ್ಷಿಣ ಜೊಲ್ಲಾ ಪ್ರಾಂತ, ಕೊರಿಯಾ.

ಗೆ:
ಡಾ. ಹ್ವಾಂಗ್‌ಬೋ ಅವರು,
ಮೂಳೆ ಮತ್ತು ಕೀಲು ವೈದ್ಯರು,
ಪೇಟೆ ಬೀದಿ, ಔಷಧಿ ಅಂಗಡಿಯ ಮೇಲೆ, ಎರಡನೆಯ ಮಹಡಿ (ಲಿಫ್ಟ್ ಇಲ್ಲ).

ವಿಷಯ: ಹೆಂಡತಿಯ ಮಂಡಿಗೆ ಹಾಕಿದ ಚುಚ್ಚುಮದ್ದು ಕೆಟ್ಟುಹೋದ ಮಾಲು ಎಂದು ಅರ್ಜಿದಾರರು ಸಲ್ಲಿಸಿದ್ದ ದೂರನ್ನು ಹಿಂಪಡೆದು, ಅದೇ ಮಾಲನ್ನು ಅರ್ಜಿದಾರರ ಸ್ವಂತ ಮಂಡಿಗೂ ಮಂಜೂರು ಮಾಡುವ ಬಗ್ಗೆ, ಮತ್ತು ಇತರೆ.

ಉಲ್ಲೇಖ:
1. ಅರ್ಜಿದಾರರು ತಮ್ಮ ದವಾಖಾನೆಯ ದೂರುಪೆಟ್ಟಿಗೆಗೆ ಡಿಸೆಂಬರ್ 1ರಂದು ಹಾಕಿದ ಚೀಟಿ.
2. ಬಾಮ್‌ಗೊಲ್ ಹಳ್ಳಿಯ ಧ್ವನಿವರ್ಧಕದಲ್ಲಿ ನವೆಂಬರ್ 25ರ ಬೆಳಿಗ್ಗೆ ಆರೂವರೆಗೆ ಪ್ರಕಟವಾದ ಆದೇಶ.
3. ಅರ್ಜಿದಾರರ ಹೆಂಡತಿಯ ಎಡ ಮತ್ತು ಬಲ ಮಂಡಿಗಳು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರರು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಈ ಅರ್ಜಿಯಲ್ಲಿ ಬರೆದಿರುವುದೆಲ್ಲ ನಡೆದದ್ದು ನಡೆದ ಹಾಗೆ. ಅರ್ಜಿದಾರರ ಮರ್ಯಾದೆಯನ್ನು ಹೆಚ್ಚಿಸುವಂಥದ್ದು ಇದರಲ್ಲಿ ಒಂದು ಸಾಲೂ ಇಲ್ಲದಿರುವುದೇ ಅದಕ್ಕೆ ಸಾಕ್ಷಿ. ಇಂಥ ಸಂದರ್ಭದಲ್ಲಿ ಮಂಡಿಯೂರಿ ಬೇಡಿಕೊಳ್ಳುವುದು ವಾಡಿಕೆ. ಆದರೆ ಸದರಿ ಮಂಡಿಯೇ ಈಗ ವಿಚಾರಣೆಯಲ್ಲಿರುವ ಕಾರಣ, ಅರ್ಜಿದಾರರು ಕುರ್ಚಿಯ ಮೇಲೆ ಕೂತು, ಬಲಗಾಲನ್ನು ಅಕ್ಕಿ ಡಬ್ಬದ ಮೇಲೆ ಚಾಚಿಕೊಂಡು ವಿಷಯವನ್ನು ಮಂಡಿಸುತ್ತಿದ್ದಾರೆ.

2. ಅರ್ಜಿದಾರರ ಹೆಂಡತಿ ಪ್ಯೋ ಬುನ್‌ಸಿಮ್, ವಯಸ್ಸು 74. ಈ ಹೆಸರು ತಮ್ಮ ದವಾಖಾನೆಯ ಕಡತದಲ್ಲಿ ಇದೆಯೇ ಹೊರತು ಊರಿನಲ್ಲಿ ಯಾರ ಬಾಯಲ್ಲೂ ಇಲ್ಲ. ತವರು ಬೊಲ್ಗ್ಯೋ ಆದ ಪ್ರಯುಕ್ತ ಮದುವೆಯಾದ ದಿನದಿಂದ, ಅಂದರೆ ಐವತ್ತೊಂದು ವರ್ಷದಿಂದ, ಆಕೆ ಬೊಲ್ಗ್ಯೋದಕ್ಕ. ಆಕೆಗೆ ಎರಡು ವಿಷಯಗಳಲ್ಲಿ ಊರಲ್ಲೇ ಹೆಸರು: ಒಂದು, ಚಳಿಗಾಲಕ್ಕೆ ಕೋಸಿನಿಂದ ಹಾಕುವ ಖಾರದ ಉಪ್ಪಿನಕಾಯಿ ಕಿಮ್ಚಿ, ಎರಡು, ಯಾರ ದನಿಯನ್ನು ಬೇಕಾದರೂ ಅವರ ಹಾಗೆಯೇ ತೆಗೆಯುವ ಕಲೆ. ಪಕ್ಕದ ಮನೆಯ ಹುಂಜ, ಬ್ಯಾಂಕಿನ ಮ್ಯಾನೇಜರು, ಚರ್ಚಿನ ಪಾದ್ರಿ, ಸೋತ ದಿನದ ಅರ್ಜಿದಾರರು, ಹೀಗೆ ಊರ ಸಭಾಮಂದಿರದಲ್ಲಿ ಇಸ್ಪೀಟಾಡುತ್ತ ಕೂತ ಹೆಂಗಸರನ್ನು ಆಕೆ ಮಧ್ಯಾಹ್ನವಿಡೀ ನಗಿಸುತ್ತಾಳೆಂದು ಕೇಳಿಕೆ. ಅರ್ಜಿದಾರರು ಮೊದಲನೆಯ ಕಲೆಯನ್ನು ಮೂರು ಹೊತ್ತೂ ಸವಿದಿದ್ದಾರೆ. ಎರಡನೆಯದು ಕಾಲಹರಣವೆಂದು ತೀರ್ಮಾನಿಸಿ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

3. ಸದರಿ ಹೆಂಡತಿಯ ಮಂಡಿಗಳು ಕೆಲವು ವರ್ಷಗಳಿಂದ ದೂರು ಹೇಳುತ್ತಿದ್ದವು. ಬೆಳ್ಳುಳ್ಳಿ ಹೊಲದಲ್ಲಿ ನಿಂತು ಮಾಡುವ ಕೆಲಸ ಯಾವುದೂ ಇಲ್ಲ. ನೆಡುವುದು, ಕಳೆ ತೆಗೆಯುವುದು, ಕೀಳುವುದು, ಎಲ್ಲವೂ ಕುಕ್ಕರಗಾಲಲ್ಲೇ. ಟ್ರ್ಯಾಕ್ಟರು ಓಡಿಸುವುದು ಮಾತ್ರ ಕೂತು ಮಾಡುವ ಕೆಲಸ, ಅದು ಅರ್ಜಿದಾರರದು. ಮಂಡಿನೋವೆಂಬುದು ಮಳೆ ಬರುತ್ತದೆಂದು ಮುಂಚೆಯೇ ಹೇಳಿ ದೊಡ್ಡಸ್ತಿಕೆ ಮೆರೆಯಲು ಹೆಂಗಸರು ಮಾಡಿಕೊಂಡ ಏರ್ಪಾಡು ಎಂಬುದು ಅರ್ಜಿದಾರರ ಅಂದಿನ ಅಭಿಪ್ರಾಯ. ಆ ಅಭಿಪ್ರಾಯವನ್ನು ಅವರು ಊರ ಧ್ವನಿವರ್ಧಕದಲ್ಲಿಯೂ ಒಮ್ಮೆ ಪ್ರಕಟಿಸಿದ್ದರು.

4. ಈ ಮಂಡಿಗಳಿಗೆ ಊರ ಹೆಂಗಸರು 'ಮೂಳೆ ಸೂಜಿ' ಎಂದು ಕರೆಯುವ, ನೋವನ್ನು ಬೇಗ ಅಡಗಿಸುವ ಇಂಜೆಕ್ಷನ್ ಹಾಕಿಸಿಕೊಳ್ಳುವುದು ರೂಢಿ. ಸಭಾಮಂದಿರದಲ್ಲಿ ಇದರ ಚರ್ಚೆ ಗೊಬ್ಬರದ ಚರ್ಚೆಯಂತೆಯೇ ನಡೆಯುತ್ತದೆ: ಯಾವ ಪೇಟೆಯ ಸೂಜಿ ಎಷ್ಟು ದಿನ ಬಾಳಿಕೆ ಬರುತ್ತದೆ, ಯಾವ ಡಾಕ್ಟರ ಕೈ ಹಗುರ, ಯಾವ ಡಾಕ್ಟರು ಪ್ರಶ್ನೆ ಕೇಳದೆ ಚುಚ್ಚುತ್ತಾರೆ. ಅರ್ಜಿದಾರರ ಹೆಂಡತಿ ಈ ವರ್ಷ ಮೇ ತಿಂಗಳಲ್ಲಿ ಬೆಳ್ಳುಳ್ಳಿ ಕೀಳಲು ಒಂದು, ಆಗಸ್ಟಿನಲ್ಲಿ ಮೆಣಸಿನಕಾಯಿ ಬಿಡಿಸಲು ಒಂದು, ಸೆಪ್ಟೆಂಬರಿನಲ್ಲಿ ಮತ್ತೆ ಬೆಳ್ಳುಳ್ಳಿ ನೆಡಲು ಒಂದು, ಒಟ್ಟು ಮೂರು ಮೂಳೆ ಸೂಜಿಗಳನ್ನು ಹಾಕಿಸಿಕೊಂಡು, ಪ್ರತಿಸಲವೂ ಮರುದಿನವೇ ಕೆಲಸಕ್ಕೆ ಹಾಜರಾಗಿದ್ದಳು. ಟ್ರ್ಯಾಕ್ಟರಿಗೆ ಆಯಿಲ್ ಬದಲಾಯಿಸಿದ ತಾರೀಕನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡುವ ಅರ್ಜಿದಾರರು ಈ ತಾರೀಕುಗಳನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ; ಹೆಂಡತಿಯ ಬಾಯಿಂದ ಈಗ ಕೇಳಿ ಬರೆಯುತ್ತಿದ್ದಾರೆ.

5. ನವೆಂಬರ್ 24ರಂದು ಹೆಂಡತಿ ತಮ್ಮ ದವಾಖಾನೆಯ ಮೆಟ್ಟಿಲು ಹತ್ತಿ ಬಂದು (ಮಂಡಿ ವೈದ್ಯರು ಎರಡನೆಯ ಮಹಡಿಯಲ್ಲಿ ಕೂರುವುದು, ಹತ್ತಿ ಬರಲಾರದವರನ್ನು ಕೆಳಗೇ ಗುಣಪಡಿಸುವ ಉಪಾಯವೆಂದು ಊರಲ್ಲಿ ಮಾತಿದೆ) ಕಿಮ್ಚಿ ಕೆಲಸಕ್ಕೆ ನಾಲ್ಕನೆಯ ಮೂಳೆ ಸೂಜಿ ಕೇಳಿದಳು. ಇಷ್ಟು ಬೇಗ ಮತ್ತೊಂದು ಹಾಕಿದರೆ ಕೀಲು ಇನ್ನಷ್ಟು ಸವೆಯುತ್ತದೆಂದು ತಾವು ಖಂಡಿತವಾಗಿ ನಿರಾಕರಿಸಿದಿರಿ. ಬದಲಿಗೆ ಕೀಲಿಗೆ ಜಾರಿಕೆ ಕೊಡುವ ಬೇರೆ ಮದ್ದನ್ನು ವಾರಕ್ಕೊಂದರಂತೆ ಮೂರು ಸಲ ಹಾಕುವುದಾಗಿ ಹೇಳಿ, ಅವತ್ತೇ ಮೊದಲನೆಯದನ್ನು ಹಾಕಿದಿರಿ. ಊರಲ್ಲಿ ಇದಕ್ಕೆ 'ಎಣ್ಣೆ ಸೂಜಿ' ಎನ್ನುತ್ತಾರೆ. ಆಗ ನಡೆದ ಮಾತುಕತೆಯನ್ನು ಹೆಂಡತಿಯ ಜೊತೆಗಿದ್ದ ನೆರೆಮನೆಯ ಜಿಂದೋದಕ್ಕ ಹೀಗೆಂದು ವರದಿ ಮಾಡಿರುತ್ತಾಳೆ:

"ಸೂಜಿ ಹಾಕಿಸ್ಕೊಂಡ ಮೇಲೆ ವಿಶ್ರಾಂತಿ ತಗೋಬೇಕಮ್ಮ. ಎರಡು ದಿನ ಪೂರ್ತಿ. ಆಮೇಲೂ ಕುಕ್ಕರಗಾಲಲ್ಲಿ ಕೂರೋದು ಬೇಡ."

"ವಿಶ್ರಾಂತಿ ತಗೊಳ್ಳೋ ಹಾಗಿದ್ರೆ ಸೂಜಿ ಯಾಕೆ ಡಾಕ್ಟ್ರೇ? ಕೂತು ಕೆಲಸ ಮಾಡೋಕೇ ತಾನೆ ಸೂಜಿ."

ತಾವು ಬೆಳಕಿನ ಹಲಗೆಯ ಮೇಲೆ ಎಕ್ಸರೇ ತೋರಿಸಿ, ಹೀಗೇ ಕೂರುತ್ತಾ ಹೋದರೆ ಮುಂದಿನದು ಸೂಜಿಯಲ್ಲ, ಕತ್ತರಿ ಎಂದಿರಂತೆ. ಹೆಂಡತಿ ಬಸ್ಸಿನಲ್ಲಿ ಮನೆಯವರೆಗೂ ಯಾರ ದನಿಯನ್ನೂ ತೆಗೆಯಲಿಲ್ಲವಂತೆ.

ಅವತ್ತು ಸಂಜೆ ಆಕೆ ಅರ್ಜಿದಾರರಿಗೆ ಈ ಸಲ ಕಿಮ್ಚಿ ಸ್ವಲ್ಪ ಕಡಿಮೆ ಹಾಕೋಣವೇ ಎಂದು ಕೇಳಿದಳು. ಅರ್ಜಿದಾರರು ತೊಂಬತ್ತು ಕೋಸು ಆಗಲೇ ಕಿತ್ತು ಅಂಗಳಕ್ಕೆ ತಂದಾಗಿದೆ, ಮೂರು ಮಕ್ಕಳು ತುಂಬಿಸಲು ಕಳಿಸಿದ ಡಬ್ಬಗಳೂ ಬಂದಾಗಿವೆ, ಸೂಜಿ ಹಾಕಿಸಿಕೊಂಡು ಬಂದಾಯಿತಲ್ಲ, ಇನ್ನೇನು ಎಂದರು. ಇದು ದಾಖಲೆಗಾಗಿ.

6. ಮರುದಿನ ಬೆಳಿಗ್ಗೆ ಆರೂವರೆಗೆ, ಅರ್ಜಿದಾರರು ಇನ್ನೂ ಅಡಿಯಿಂದ ಕಾಯಿಸಿದ ಬಿಸಿನೆಲದ ಮೇಲಿನ ಹಾಸಿಗೆಯಲ್ಲಿದ್ದಾಗ, ಊರ ಧ್ವನಿವರ್ಧಕ ಗರ್‌ಗುಟ್ಟಿ, ಎಂದಿನಂತೆ ಹಳೆಯ ಹಾಡೊಂದು ಅರ್ಧ ಬಂದು ನಿಂತು, ಹಾಲಿ ಮುಖ್ಯಸ್ಥ ನಾಮ್‌ಗುಂಗ್ ಅವರ ದನಿ ಕೇಳಿಬಂತು. ಮೊದಲು ಮೈಕಿಗೆ ಎರಡು ಬಡಿತ, ತರುವಾಯ ಎರಡು ಕೆಮ್ಮು, ಎಲ್ಲವೂ ಯಥಾಪ್ರಕಾರ.

"ಆ, ಆ... ಕೇಳಿಸ್ತಾ ಇದೆಯಾ? ಬಾಮ್‌ಗೊಲ್‌ನ ಮಹಾಜನರೇ, ವಿಷಯ ಏನಪ್ಪಾ ಅಂದ್ರೆ... ಈ ತಿಂಗಳು ಮಂಡಿಗೆ ಎಣ್ಣೆ ಸೂಜಿ ಹಾಕಿಸ್ಕೊಂಡಿರೋ ಹೆಂಗಸರು ಇವತ್ತಿಂದ ಇಪ್ಪತ್ತೊಂದು ದಿನ ಕುಕ್ಕರಗಾಲಲ್ಲಿ ಕೂರಂಗಿಲ್ಲ, ಭಾರ ಎತ್ತಂಗಿಲ್ಲ. ಮೇಲಿಂದ ಬಂದ ಆದೇಶ. ಆ ಮನೆಗಳಲ್ಲಿ ಕಿಮ್ಚಿ ಕೆಲಸ ಗಂಡಸರದ್ದು. ಹೆಂಗಸು ಕೂತಿದ್ದು ಕಂಡುಬಂದ್ರೆ ಗಂಡನ ಹೆಸರನ್ನ ಇದೇ ಮೈಕಲ್ಲಿ ಮೂರು ಸಲ ಓದ್ತೀವಿ. ಆಯ್ತಾ, ಎಲ್ಲರೂ ಊಟ ಮಾಡಿ."

ಆ ಹೊತ್ತಿನಲ್ಲಿ ಹೆಂಡತಿ ಮನೆಯಲ್ಲಿರಲಿಲ್ಲ. ಮಂಡಿನೋವಿನ ಹೆಂಗಸು ಅಷ್ಟು ಬೆಳಿಗ್ಗೆ ಎಲ್ಲಿಗೆ ಹೋಗಿದ್ದಳೆಂದು ಅರ್ಜಿದಾರರು ವಿಚಾರಿಸಲಿಲ್ಲ. ವಿಚಾರಿಸುವ ಅಭ್ಯಾಸವನ್ನು ಅವರು ಐವತ್ತೊಂದು ವರ್ಷದಿಂದ ಇಟ್ಟುಕೊಂಡಿರಲಿಲ್ಲ.

7. ಇಂಥ ಆದೇಶವನ್ನು ಅರ್ಜಿದಾರರು ಏಕೆ ಪ್ರಶ್ನಿಸಲಿಲ್ಲ ಎಂದು ತಾವು ಕೇಳಬಹುದು. ಕಾರಣಗಳು ಎರಡು.

ಅ) ಧ್ವನಿವರ್ಧಕದಲ್ಲಿ ಬಂದದ್ದು ಸರಕಾರದ ಮಾತು, ಅದರ ಮೇಲೆ ಮಾತಿಲ್ಲ ಎಂಬ ನಿಯಮವನ್ನು ಊರಿನಲ್ಲಿ ಜಾರಿಗೆ ತಂದವರೇ ಅರ್ಜಿದಾರರು. ತಮ್ಮ ಎಂಟು ವರ್ಷದ ಆಡಳಿತದಲ್ಲಿ ಅವರು ಔಷಧಿ ಸಿಂಪಡಿಸುವ ದಿನದಿಂದ ಹಿಡಿದು ನಾಯಿ ಕಟ್ಟಿಹಾಕುವ ಹಗ್ಗದ ಉದ್ದದವರೆಗೆ ಎಲ್ಲವನ್ನೂ ಅದೇ ಮೈಕಿನಲ್ಲಿ ಆಜ್ಞಾಪಿಸಿದ್ದರು. ಎದುರಾಡಿದವರ ಹೆಸರನ್ನು ಮೂರು ಸಲ ಓದುವ ಶಿಕ್ಷೆಯೂ ಅವರದೇ ಆವಿಷ್ಕಾರ.

ಆ) ನಾಮ್‌ಗುಂಗ್ ಅವರನ್ನೇ ಕೇಳೋಣವೆಂದರೆ, ಮೂರು ವರ್ಷದ ಹಿಂದೆ ಆ ಮೂರು ಮತಗಳ ಚುನಾವಣೆಯಾದಂದಿನಿಂದ ಅವರಿಗೂ ಅರ್ಜಿದಾರರಿಗೂ ಮಾತಿಲ್ಲ.

ಆದ್ದರಿಂದ ಅರ್ಜಿದಾರರು ಎದ್ದು, ಅಂಗಳಕ್ಕೆ ಹೋಗಿ, ತೊಂಬತ್ತು ಕೋಸುಗಳ ಮುಂದೆ ನಿಂತುಕೊಂಡರು.

8. ಮುಂದಿನ ಐದು ದಿನಗಳ ವಿವರ ಸಂಕ್ಷಿಪ್ತವಾಗಿ. ಕಿಮ್ಚಿಯ ಕೋಸಿಗೆ ಉಪ್ಪನ್ನು ಬುಡದ ದಪ್ಪ ಭಾಗಕ್ಕೆ ಹಾಕಬೇಕು. ಅರ್ಜಿದಾರರು ಮೇಲಿನ ಎಲೆಗಳಿಗೆ ಹಾಕಿದರು. ಬೆಳಿಗ್ಗೆ ನೋಡಿದಾಗ ಬಾಡಿ ಬಾಗಬೇಕಿದ್ದ ಕೋಸುಗಳು ರಬ್ಬರ್ ಬೋಗುಣಿಯಲ್ಲಿ ಎದೆಯುಬ್ಬಿಸಿ ನಿಂತು, ಹೊಲಕ್ಕೆ ವಾಪಸು ಹೋಗಲು ತಯಾರಾಗಿದ್ದವು. ಹೆಂಡತಿ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಕಾಲ ಮೇಲೆ ಕಂಬಳಿ ಹೊದ್ದು, ಅಲ್ಲಿಂದಲೇ ನಿರ್ದೇಶನ ಕೊಡುತ್ತಿದ್ದಳು.

"ರೀ, ಇನ್ನೊಂದ್ಸಲ ಉಪ್ಪು ಹಾಕಿ. ಬುಡಕ್ಕೆ. ಬುಡ ಅಂದ್ರೆ ಕೆಳಗಡೆ."

ಇನ್ನೊಂದು ಸಲ ಉಪ್ಪು, ಮಾರನೆಯ ದಿನ ಮೂರು ನೀರಿನಲ್ಲಿ ತೊಳೆಯುವುದು, ಮೂಲಂಗಿ ಹೆರೆಯುವುದು, ಗಂಜಿಗೆ ಮೆಣಸಿನ ಪುಡಿ, ಬೆಳ್ಳುಳ್ಳಿ, ಉಪ್ಪುಮೀನಿನ ರಸ ಕಲಸುವುದು, ಆಮೇಲೆ ಒಂದೊಂದು ಎಲೆಯನ್ನೂ ಎತ್ತಿ ಎತ್ತಿ ಒಳಗೆ ಮಸಾಲೆ ಬಳಿಯುವುದು. ಒಂದು ಕೋಸಿಗೆ ಎಷ್ಟು ಎಲೆಗಳಿರುತ್ತವೆ ಎಂಬುದು ಅರ್ಜಿದಾರರಿಗೆ ಎಪ್ಪತ್ತೇಳನೆಯ ವಯಸ್ಸಿನಲ್ಲಿ ತಿಳಿಯಿತು. ಎಲ್ಲವೂ ಕುಕ್ಕರಗಾಲಲ್ಲಿ. ಮೊದಲ ದಿನವೇ ಸೊಂಟ ಹಿಡಿದಾಗ ಹೆಂಡತಿ ತಾನು ಹೊಲದಲ್ಲಿ ಬಳಸುವ ಕೂರುಮಣೆಯನ್ನು ಕೊಟ್ಟಳು. ಅದು ಮಣೆಯಲ್ಲ, ಗುಲಾಬಿ ಹೂವಿನ ಬಟ್ಟೆ ಹೊದಿಸಿದ ದುಂಡನೆಯ ಸ್ಪಂಜು. ಅದರ ಎರಡು ಎಲಾಸ್ಟಿಕ್ ಪಟ್ಟಿಗಳಿಗೆ ತೊಡೆ ತೂರಿಸಿಕೊಂಡರೆ ಹಿಂಭಾಗಕ್ಕೆ ಅಂಟಿಕೊಂಡಿರುತ್ತದೆ. ಎದ್ದಾಗ ಅದೂ ಏಳುತ್ತದೆ, ಕೂತಾಗ ಅದೂ ಕೂರುತ್ತದೆ. ಇಷ್ಟು ವಿಧೇಯವಾದ ಇನ್ನೊಂದು ವಸ್ತುವನ್ನು ಅರ್ಜಿದಾರರು ತಮ್ಮ ಎಂಟು ವರ್ಷದ ಆಡಳಿತದಲ್ಲಿ ಕಂಡಿರಲಿಲ್ಲ.

ಜಿಂದೋದಕ್ಕ ದಿನಕ್ಕೆರಡು ಸಲ ಗೋಡೆಯ ಮೇಲಿಂದ ಇಣುಕಿ, "ಮಾಜಿ ಮುಖ್ಯಸ್ಥರೇ, ನಾಳೆ ಮಳೆ ಬರುತ್ತಾ? ನಿಮ್ಮ ಮಂಡಿ ಏನನ್ನುತ್ತೆ?" ಎಂದು ವಿಚಾರಿಸುತ್ತಿದ್ದಳು. ಇದೇ ಆದೇಶಕ್ಕೆ ಸಿಕ್ಕಿಬಿದ್ದ ಊರಿನ ಇನ್ನು ಮೂವರು ಗಂಡಸರೂ ಅವರವರ ಅಂಗಳದಲ್ಲಿ ಇದೇ ಸ್ಥಿತಿಯಲ್ಲಿದ್ದರು. ನಾಲ್ವರಲ್ಲಿ ಯಾರೂ ಯಾರ ಮನೆಯ ಕಡೆಗೂ ತಲೆಯೆತ್ತಿ ನೋಡಲಿಲ್ಲ.

ಕಿಮ್ಚಿ ಮಕ್ಕಳ ಮನೆಗಳಿಗೆ ತಲುಪಿದ ಮೇಲೆ ಹಿರಿಯ ಸೊಸೆ ಫೋನು ಮಾಡಿ, ಈ ವರ್ಷದ್ದು ಬಹಳ ಬೇರೆ ಥರ ಇದೆ ಎಂದಳು. ಅರ್ಜಿದಾರರು ಅದನ್ನು ಹೊಗಳಿಕೆಯೆಂದು ದಾಖಲಿಸಿಕೊಂಡಿದ್ದಾರೆ.

9. ಆರನೆಯ ದಿನ ಅರ್ಜಿದಾರರಿಗೆ ಒಂದು ವಿಷಯ ಹೊಳೆಯಿತು. ಮೂಳೆ ಸೂಜಿ ಹಾಕಿದರೆ ಹೆಂಡತಿ ಮರುದಿನವೇ ಕೆಲಸಕ್ಕೆ ಬರುತ್ತಿದ್ದಳು. ಎಣ್ಣೆ ಸೂಜಿ ಹಾಕಿದರೆ ಇಪ್ಪತ್ತೊಂದು ದಿನ ಕುರ್ಚಿ ಬಿಟ್ಟೇಳುವಂತಿಲ್ಲ. ಕಾರಣ, ದವಾಖಾನೆಯವರು ಕೆಟ್ಟ ಮಾಲನ್ನು ಚುಚ್ಚಿರಬೇಕು. ಆದ್ದರಿಂದ ಡಿಸೆಂಬರ್ 1ರಂದು ಹೆಂಡತಿ ಎರಡನೆಯ ಸೂಜಿಗೆ ಹೊರಟಾಗ ಅರ್ಜಿದಾರರೂ ಜೊತೆಗೆ ಹೊರಟು, ಉಲ್ಲೇಖ (1)ರ ದೂರನ್ನು ಬರೆದು ದವಾಖಾನೆಯ ದೂರುಪೆಟ್ಟಿಗೆಗೆ ಹಾಕಿದರು. 'ಮದ್ದು ಬದಲಾಯಿಸಿ ಕೊಡುವುದು ಅಥವಾ ಹೆಂಡತಿಯನ್ನು ಹಿಂದಿನ ಸ್ಥಿತಿಗೆ ತಂದುಕೊಡುವುದು' ಎಂದು ಅದರಲ್ಲಿ ಬರೆದಿದ್ದು ಅರ್ಜಿದಾರರೇ. ದೂರುಪೆಟ್ಟಿಗೆಗೆ ಚೀಟಿ ಹಾಕಲು ಬಗ್ಗಿದಾಗ ಹಿಂದೆ ಕೂತಿದ್ದವರೆಲ್ಲ ಏಕೆ ಕೆಮ್ಮತೊಡಗಿದರೆಂದು ಅವರಿಗೆ ತಿಳಿಯಲಿಲ್ಲ. ದಾದಿ ಬಂದು ಕಿವಿಯಲ್ಲಿ ಹೇಳಿದ ಮೇಲೆ, ಗುಲಾಬಿ ಹೂವಿನ ಕೂರುಮಣೆ ಮನೆಯಿಂದ ಬಸ್ಸು ಹತ್ತಿ, ನಲವತ್ತು ನಿಮಿಷ ಪ್ರಯಾಣ ಮಾಡಿ, ಎರಡು ಮಹಡಿ ಹತ್ತಿ ತಮ್ಮೊಂದಿಗೇ ಬಂದಿರುವುದು ಗಮನಕ್ಕೆ ಬಂತು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದ ಹೆಂಡತಿ ಇದನ್ನು ತಿಳಿಸಬಹುದಿತ್ತು. ತಿಳಿಸಲಿಲ್ಲ.

ಆದರೆ ಅಂದಿನ ಮುಖ್ಯ ಸಂಗತಿ ಅದಲ್ಲ. ಕೂರುಮಣೆಯನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಅರ್ಜಿದಾರರು ನಾಚಿಕೆಯಿಂದ ಹಿಂದೆ ಉಳಿದ ಕಾರಣ, ಮೆಟ್ಟಿಲಿಳಿಯುವಾಗ ಹೆಂಡತಿ ಮುಂದಾದಳು. ಐವತ್ತೊಂದು ವರ್ಷದಲ್ಲಿ ಅರ್ಜಿದಾರರು ಆಕೆಯ ಹಿಂದೆ ನಡೆದದ್ದು ಇದೇ ಮೊದಲು. ಆಕೆ ಮೆಟ್ಟಿಲ ತುದಿಯಲ್ಲಿ ನಿಂತು, ತಿರುಗಿ, ಅರ್ಜಿದಾರರಿಗೆ ಮುಖ ಮಾಡಿ, ಎರಡೂ ಕೈಯಿಂದ ಕಂಬಿ ಹಿಡಿದು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು, ಏಣಿಯಿಂದ ಇಳಿಯುವವರ ಹಾಗೆ. ಏನಿದು ಎಂದು ಕೇಳಿದ್ದಕ್ಕೆ, ಹೀಗೆ ಇಳಿದರೆ ನೋವು ಕಡಿಮೆ ಎಂದಳು. ಯಾವಾಗಿನಿಂದ ಎಂದು ಕೇಳಿದ್ದಕ್ಕೆ, ನಾಲ್ಕು ವರ್ಷ ಎಂದಳು.

"ನಂಗೆ ಹೇಳ್ಬಾರದಿತ್ತಾ?"

"ಹೇಳಿದ್ದೆ. ನೀವು ಟೀವಿ ಜೋರು ಮಾಡಿದ್ರಿ."

ಈ ಅಂಶವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

10. ತರುವಾಯದ ವಾರದಲ್ಲಿ ಅರ್ಜಿದಾರರ ಬಲ ಮಂಡಿ ಊದಿಕೊಂಡು ಮೂಲಂಗಿಯ ಆಕಾರ ತಾಳಿತು. ಅನ್ನ ಬೇಯಿಸುವುದು, ಪಾತ್ರೆ, ನೆಲ ಒರೆಸುವುದು ಇವೆಲ್ಲವೂ ಆದೇಶದ ವ್ಯಾಪ್ತಿಗೆ ಬರುತ್ತವೆಂದು ಜಿಂದೋದಕ್ಕ ಗೋಡೆಯ ಮೇಲಿಂದ ವಿವರಿಸಿದ್ದಳಾದ್ದರಿಂದ ಅವನ್ನೂ ಅರ್ಜಿದಾರರೇ ನಿರ್ವಹಿಸುತ್ತಿದ್ದರು. ಒಂದು ಬೆಳಿಗ್ಗೆ ಅವರು ಹೊಸ್ತಿಲಲ್ಲಿ ಕೂತು ಬೂಟು ಹಾಕಿಕೊಂಡ ಮೇಲೆ ಏಳಲಾಗದೆ, ಯಾರೂ ನೋಡದಿರಲೆಂದು, ಬೂಟಿನ ದಾರ ಸರಿಮಾಡುವವರಂತೆ ಕಾಲು ಗಂಟೆ ಕೂತಿದ್ದರು. ಅವರ ಬೂಟಿಗೆ ದಾರವಿಲ್ಲ.

11. ಈಗ ಡಿಸೆಂಬರ್ 8ರ, ಅಂದರೆ ನಿನ್ನೆಯ ಘಟನೆ. ತಮ್ಮ ದವಾಖಾನೆಯ ಹಜಾರದಲ್ಲಿ ಹೆಂಡತಿ ಮೂರನೆಯ ಸೂಜಿಗೂ ಅರ್ಜಿದಾರರು ತಮ್ಮ ಮಂಡಿ ತೋರಿಸಲೂ ಕಾಯುತ್ತಿದ್ದರು. ಜಿಂದೋದಕ್ಕ ತನ್ನ ಭುಜಕ್ಕಾಗಿ ಬಂದಿದ್ದಳು. ಆ ಬೆಂಚಿಗೆ ಮುಖ್ಯಸ್ಥ ನಾಮ್‌ಗುಂಗ್ ಕೂಡ ಸೊಂಟ ಹಿಡಿದುಕೊಂಡು ಬಂದು ಕೂತರು. ಮೂರು ವರ್ಷದ ಮೌನವನ್ನು ಅರ್ಜಿದಾರರ ಮಂಡಿ ಮುರಿಯಿತು. ಅವರು, ಆದೇಶ ಹೊರಡಿಸುವುದೆಂದರೆ ಹುಡುಗಾಟವಲ್ಲ, ತಾವು ಎಂಟು ವರ್ಷ ಆಳಿದವರು, ಯಾವತ್ತೂ ಗಂಡಸರ ಕೈಯಲ್ಲಿ ಕಿಮ್ಚಿ ಹಾಕಿಸಿದವರಲ್ಲ, ಇಪ್ಪತ್ತೊಂದು ದಿನವೆಂಬುದು ಯಾವ ಕಾನೂನಿನಲ್ಲಿದೆ ತೋರಿಸಿ ಎಂದು ಹಜಾರಕ್ಕೆಲ್ಲ ಕೇಳುವಂತೆ ತರಾಟೆಗೆ ತೆಗೆದುಕೊಂಡರು.

ನಾಮ್‌ಗುಂಗ್ ಪೂರ್ತಿ ಕೇಳಿ ಮುಗಿಸಿ, ಅರ್ಜಿದಾರರ ಹಣೆ ಮುಟ್ಟಿ ನೋಡಬೇಕೋ ಬೇಡವೋ ಎಂಬಂತೆ ಕೈ ಎತ್ತಿ ಇಳಿಸಿ, "ಅಣ್ಣಾ, ನವೆಂಬರ್ ಇಪ್ಪತ್ತೈದಕ್ಕೆ ನಾನು ಊರಲ್ಲೇ ಇರ್ಲಿಲ್ವಲ್ಲ. ಮಗಳ ಮನೇಲಿದ್ದೆ. ಸಭಾಮಂದಿರದ ಬೀಗದ ಕೈ ಜಿಂದೋದಕ್ಕನ ಹತ್ರ ಕೊಟ್ಟು ಹೋಗಿದ್ದೆ," ಎಂದರು.

ಜಿಂದೋದಕ್ಕ ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರಪಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಆಗ ಅರ್ಜಿದಾರರ ಪಕ್ಕದಿಂದಲೇ ಮೈಕಿಗೆ ಎರಡು ಬಡಿತ ಕೇಳಿಸಿತು. ಮೈಕಿರಲಿಲ್ಲ, ಹೆಂಡತಿ ಕುರ್ಚಿಯ ಕೈಯ ಮೇಲೆ ಬೆರಳಿನಿಂದ ಬಡಿದಿದ್ದಳು. ಎರಡು ಕೆಮ್ಮು. ಆಮೇಲೆ, ನಾಮ್‌ಗುಂಗ್ ಅವರು ಬಾಯಿ ಮುಚ್ಚಿಕೊಂಡು ಎದುರಿಗೇ ಕೂತಿರುವಾಗ, ಅವರದೇ ದನಿ ಕೇಳಿಬಂತು.

"ಆ, ಆ... ಕೇಳಿಸ್ತಾ ಇದೆಯಾ? ವಿಷಯ ಏನಪ್ಪಾ ಅಂದ್ರೆ... ಬಾಮ್‌ಗೊಲ್‌ನ ಗುಕ್ ಸಾಂಗ್‌ಪಿಲ್ ಅವರಿಗೆ ಐವತ್ತೊಂದು ವರ್ಷದಿಂದ ಇದೇ ವಿಷಯ ಮನೇಲಿ ಹೇಳಿ ಹೇಳಿ ಸಾಕಾಯ್ತು. ಅದಕ್ಕೆ ಈ ಸಲ ಮೈಕಲ್ಲಿ ಹೇಳಿದ್ದೀವಿ. ಆಯ್ತಾ, ಎಲ್ಲರೂ ಊಟ ಮಾಡಿ."

12. ನಂತರ ನಡೆದದ್ದಕ್ಕೆ ತಾವೇ ಸಾಕ್ಷಿ. ತಾವು ಸೂಜಿ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಿರಿ. ನಾಮ್‌ಗುಂಗ್ ಅವರು ತಮ್ಮ ಸೊಂಟ ಮರೆತು ಎದ್ದುನಿಂತರು. ದಾದಿಯ ಕೈಯಿಂದ ಕಡತಗಳು ಬಿದ್ದವು. ಜಿಂದೋದಕ್ಕ ಭುಜ ಹಿಡಿದುಕೊಂಡು, ನಗಿಸಬೇಡಿ, ನೋಯುತ್ತದೆ ಎಂದು ಗೋಗರೆದಳು. ಹೆಂಡತಿ ಮಾತ್ರ ನಗಲಿಲ್ಲ. ಆಕೆ ಅರ್ಜಿದಾರರ ಮುಖವನ್ನೇ ನೋಡುತ್ತಿದ್ದಳು, ಬಸ್ಸಿನಲ್ಲಿ ಒಬ್ಬಳೇ ಮನೆಗೆ ಹೋಗಬೇಕಾಗಬಹುದೇನೋ ಎಂಬ ಹಾಗೆ.

ಅರ್ಜಿದಾರರು ಕೋಪಗೊಳ್ಳಲು ಬಾಯಿ ತೆರೆದದ್ದು ನಿಜ. ಆದರೆ ಅದೇ ಕ್ಷಣಕ್ಕೆ ಅವರ ಕಣ್ಣ ಮುಂದೆ ಎದೆಯುಬ್ಬಿಸಿ ನಿಂತ ತೊಂಬತ್ತು ಕೋಸುಗಳು ಬಂದವು. ತಮ್ಮ ತಮ್ಮ ಅಂಗಳದಲ್ಲಿ ಈಗಲೂ ಪಾತ್ರೆ ತಿಕ್ಕುತ್ತಿರುವ ಉಳಿದ ಮೂವರು ಗಂಡಸರು ಬಂದರು. ಕೋಪಕ್ಕೆಂದು ತೆರೆದ ಬಾಯಿಂದ ನಗು ಹೊರಟಿತು. ಅವತ್ತು ಆ ಹಜಾರದಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಅರ್ಜಿದಾರರೇ. ಕೆಳಗಿನ ಔಷಧಿ ಅಂಗಡಿಯವರು ಯಾರಿಗೋ ಏನೋ ಆಯಿತೆಂದು ಮೇಲೆ ಓಡಿ ಬಂದರು. ನಕ್ಕು ನಕ್ಕು ಅರ್ಜಿದಾರರು ನೆಲಕ್ಕೆ ಜಾರಿದಾಗ ಅವರನ್ನು ಎತ್ತಿ ಕೂರಿಸಲು ಮೊದಲು ಕೈ ಕೊಟ್ಟವರು ನಾಮ್‌ಗುಂಗ್.

ಉಳಿದ ಮೂವರು ಗಂಡಸರಿಗೆ ಈ ವಿಷಯ ಇನ್ನೂ ತಿಳಿದಿಲ್ಲ. ತಿಳಿಸುವ ಉದ್ದೇಶ ಅರ್ಜಿದಾರರಿಗೂ ಇಲ್ಲ, ಹಾಲಿ ಮುಖ್ಯಸ್ಥರಿಗೂ ಇಲ್ಲ. ಚುನಾವಣೆಯ ನಂತರ ಇಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಇದು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಅರ್ಜಿದಾರರು ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ:

ಅ) ಉಲ್ಲೇಖ (1)ರ ದೂರನ್ನು ಹರಿದುಹಾಕುವುದು. ಹೆಂಡತಿಯನ್ನು ಹಿಂದಿನ ಸ್ಥಿತಿಗೆ ತರಬೇಕೆಂಬ ಕೋರಿಕೆಯನ್ನು ವಿಶೇಷವಾಗಿ ಹರಿಯುವುದು.

ಆ) ಅರ್ಜಿದಾರರ ಬಲ ಮಂಡಿಯಲ್ಲಿಯೂ ಸವೆತ ಶುರುವಾಗಿದೆಯೆಂದು ತಾವು ನಿನ್ನೆ ತಿಳಿಸಿರುವುದರಿಂದ, ಅವರಿಗೂ ಎಣ್ಣೆ ಸೂಜಿಯನ್ನು ಮಂಜೂರು ಮಾಡುವುದು. ಮೂಳೆ ಸೂಜಿಯನ್ನು ಅರ್ಜಿದಾರರು ಬೇಡಿದರೂ ಕೊಡಬಾರದು. ಹೊಲದ ಕೆಲಸದ ಕಾಲ ಬಂದಾಗ ಅವರು ಬೇಡುವ ಸಂಭವವಿದೆ.

ಇ) ಉಲ್ಲೇಖ (2)ರ ಆದೇಶ ಸುಳ್ಳೆಂದು ತಿಳಿದದ್ದು ಹದಿನಾಲ್ಕನೆಯ ದಿನ. ಇನ್ನು ಏಳು ದಿನ ಬಾಕಿ ಇದೆ. ಆದೇಶ ಬಿದ್ದುಹೋದರೆ ಹೆಂಡತಿ ನಾಳೆ ಬೆಳಿಗ್ಗೆಯೇ ನೆಲ ಒರೆಸಲು ಕೂರುವವಳು. ಇವತ್ತು ಬೆಳಿಗ್ಗೆಯೇ ಒರೆಸುವ ಬಟ್ಟೆಯನ್ನು ಹುಡುಕುತ್ತಿದ್ದಳು; ಅರ್ಜಿದಾರರು ಅದರ ಮೇಲೆ ಕೂತಿದ್ದರಿಂದ ಸಿಗಲಿಲ್ಲ. ಅರ್ಜಿದಾರರು ತಾವಾಗಿಯೇ ಅಡುಗೆಮನೆಗೆ ಹೋಗೋಣವೆಂದರೆ, ಅವರು ಮಾಜಿ ಮುಖ್ಯಸ್ಥರು. ಆದೇಶವಿಲ್ಲದೆ ಸ್ವಂತ ಮನಸ್ಸಿನಿಂದ ಪಾತ್ರೆ ತೊಳೆದರೆಂಬ ಮಾತು ಊರಲ್ಲಿ ಹಬ್ಬಿದರೆ ತಲೆಯೆತ್ತಿ ತಿರುಗುವುದು ಕಷ್ಟ. ಕಾರಣ, ಬಾಕಿ ಇರುವ ದಿನಗಳಿಗೆ ಕುಕ್ಕರಗಾಲಲ್ಲಿ ಕೂರುವುದನ್ನೂ ಭಾರ ಎತ್ತುವುದನ್ನೂ ನಿಷೇಧಿಸಿ, ಈ ಸಲ ತಮ್ಮ ಸಹಿ ಮತ್ತು ಮೊಹರಿನೊಂದಿಗೆ ಅಸಲಿ ಆದೇಶವನ್ನು ಹೊರಡಿಸಿಕೊಡಬೇಕಾಗಿ ವಿನಂತಿ. ಅದನ್ನು ಮೈಕಿನಲ್ಲಿ ಓದಲು ನಾಮ್‌ಗುಂಗ್ ಒಪ್ಪಿದ್ದಾರೆ. ಹೆಂಡತಿ ಓದಿದರೆ ಇನ್ನೂ ಚೆನ್ನಾಗಿರುತ್ತದೆಂದು ಅವರೇ ಹೇಳಿದರು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಗುಕ್ ಸಾಂಗ್‌ಪಿಲ್
(ಮೊಹರು)

ಲಗತ್ತುಗಳು:
1. ಅರ್ಜಿದಾರರ ಬಲ ಮಂಡಿಯ ಫೋಟೋ, ಒಂದು. ಅಳತೆಗಾಗಿ ಪಕ್ಕದಲ್ಲಿ ಮೂಲಂಗಿ ಇಡಲಾಗಿದೆ, ಎಡಗಡೆಯದು ಮಂಡಿ.
2. ಅರ್ಜಿದಾರರು ಸ್ವತಃ ಹಾಕಿದ ಕಿಮ್ಚಿ, ಒಂದು ಡಬ್ಬ. ತಿನ್ನುವುದು ಕಡ್ಡಾಯವಲ್ಲ.

ವಿ.ಸೂ.: ಆದೇಶದಲ್ಲಿ ಎಷ್ಟು ದಿನ ಎಂಬ ಜಾಗವನ್ನು ದಯವಿಟ್ಟು ಖಾಲಿ ಬಿಡುವುದು. ಅರ್ಜಿದಾರರೇ ತುಂಬಿಕೊಳ್ಳುತ್ತಾರೆ.